ಸುಗುಣತ್ತೆಯ ಪಾಲಿನ ರೊಟ್ಟಿ

ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಗಂಜಿ ಹಾಕಿದ ಬಟ್ಟೆ ಕಾದ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಲ್ಲುತ್ತದೆ. ಬ್ಯಾಡಗಿಯ ನಮ್ಮ ಹಳೆಯ ಮನೆಯಲ್ಲಿ, ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ಹಿಂದಿನ ದಿನ ಪಡಸಾಲೆಯ ತುಂಬ ಅದೇ ವಾಸನೆ. ಅಪ್ಪನ ತಂಗಿ ಸುಗುಣತ್ತೆ ಚರ್ಚಿನ ಮೇಜಿನ ಬಿಳಿ ಹಾಸನ್ನು ಒಗೆದು, ಗಂಜಿ ಹಾಕಿ, ಇದ್ದಿಲ ಇಸ್ತ್ರಿಪೆಟ್ಟಿಗೆಯಿಂದ ತೀಡುತ್ತಿದ್ದಳು. ಮೆಣಸಿನಕಾಯಿ ಸುಗ್ಗಿಯಲ್ಲಿ ಹೊರಗೆ ಒಣಹಾಕಿದರೆ ಕೆಂಪು ಧೂಳು ಕೂರುತ್ತದೆಂದು ಒಳಕೋಣೆಯಲ್ಲೇ ಹಗ್ಗ ಕಟ್ಟುತ್ತಿದ್ದಳು. ನಾವು ಮಕ್ಕಳು ಅದರ ಕೆಳಗೆ ಹಾಯ್ದರೆ ಕಣ್ಣಲ್ಲೇ ಗದರುತ್ತಿದ್ದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು.

ಆ ಹಾಸಿನ ಮೇಲಿಟ್ಟ ರೊಟ್ಟಿ ಮಾತ್ರ ಅವಳಿಗಿರಲಿಲ್ಲ. ನಮ್ಮ ಸಭೆಯಲ್ಲಿ ಹರೆಯಕ್ಕೆ ಬಂದವರು ಎಲ್ಲರೆದುರು ನಂಬಿಕೆಯ ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸಿ, ದೃಢೀಕರಣ ಪಡೆದ ಮೇಲೆಯೇ ಪ್ರಭುವಿನ ರೊಟ್ಟಿ. ಅತ್ತೆ ಏನು ಒಪ್ಪಿಸಿಯಾಳು? ಹರೆಯದಲ್ಲಿ ಎಲ್ಲರೊಡನೆ ಎದ್ದು ಹೊರಟವಳನ್ನು ಹಿರಿಯರು ಕೈಸನ್ನೆ ಮಾಡಿ ಕೂರಿಸಿದರಂತೆ. ಆಮೇಲೆ ಅವಳು ಏಳುವುದನ್ನೇ ಬಿಟ್ಟಳು. ತಲೆ ನರೆತರೂ ಹಿಂದಿನ ಸಾಲಿನಲ್ಲಿ, ನಮ್ಮಂಥ ಹುಡುಗಿಯರ ನಡುವೆ ಕೂತು, ಮುಂದೆ ಮೊಣಕಾಲೂರಿದವರನ್ನು ನೋಡುತ್ತಿದ್ದಳು. ಆ ನೋಟ ನೆನೆದರೆ ಹಿರಿಯರ ಮೇಲೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ದೇವರಿಗೆ ಕಿವಿಯಷ್ಟೇ ಇದೆ, ಕಣ್ಣಿಲ್ಲ ಎಂದುಕೊಂಡಿದ್ದರೇನೋ.

ಚರ್ಚಿಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರು ಇದನ್ನು ಕೇಳಿ ನೊಂದರು. ಹಿರಿಯರೊಬ್ಬರು ತಕರಾರು ತೆಗೆದಾಗ, "ಆಕಿ ನಂಬಿಕಿ ನನಗ ಕಾಣತೈತ್ರಿ. ಆಕಿ ಬರೂದು ಬ್ಯಾಡ, ನಾನ ಆಕಿ ಕಡೆ ಹೋಗ್ತೇನಿ" ಎಂದರಂತೆ. ಮತ್ತೆ ಯಾರಾದರೂ ತಡೆದರೆ ಅತ್ತೆ ನೊಂದಾಳೆಂದು ಅಂಜಿ ಅಪ್ಪ ಅವಳಿಗೆ ಮುಂಚಿತವಾಗಿ ಏನೂ ತಿಳಿಸಿರಲಿಲ್ಲ. ಆ ಭಾನುವಾರ ಅಯ್ಯನವರು ತಟ್ಟೆ ಹಿಡಿದು ಹಿಂದಿನ ಸಾಲಿಗೆ ಬಂದು ಅತ್ತೆಯ ಅಂಗೈಯಲ್ಲಿ ರೊಟ್ಟಿಯ ತುಣುಕಿಟ್ಟರು. ಮೇಜಿನ ಕೆಲಸದವಳಾದ ತನಗೆ ಅದನ್ನು ಮೇಜಿಗೆ ಮುಟ್ಟಿಸಲು ಕೊಟ್ಟಿದ್ದಾರೆಂದೇ ಅವಳು ತಿಳಿದಳು. ಎದ್ದು, ಸೆರಗಿನಲ್ಲಿ ಜೋಪಾನವಾಗಿ ಹಿಡಿದು ಹೋಗಿ ಮೇಜಿನ ಮೇಲಿಟ್ಟು, ಹಾಸಿನ ಸುಕ್ಕು ಸವರಿ ಬಂದಳು. ಕೆಲಸ ಸರಿಯಾಯಿತೆಂಬಂತೆ ನನ್ನತ್ತ ನೋಡಿ ನಕ್ಕಳು. ಅಯ್ಯನವರು ಮತ್ತೊಂದು ತುಣುಕು ಚಾಚಿದರೆ ಗಾಬರಿಯಾಗಿ ತಲೆಯಾಡಿಸಿ, ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಅಪ್ಪ ಅಲ್ಲೇ ಅತ್ತುಬಿಟ್ಟ.

ಆ ಮಧ್ಯಾಹ್ನ ಅಪ್ಪ ಊಟ ಬಿಟ್ಟು ಅವಳೆದುರು ಕೂತು, ಅದು ನಿನಗೇ ಎಂದು ಸನ್ನೆಯಲ್ಲಿ ಹೇಳಿದ. ಬಹಳ ಹೊತ್ತಿನ ಮೇಲೆ ಅವಳು ತನ್ನ ಎದೆ ಮುಟ್ಟಿಕೊಂಡು, ನನಗಾ ಎಂಬಂತೆ ನೋಡಿದಳು. ಅಂದಿನಿಂದ ಸಂಜೆಯಾದರೆ ಗೋಡೆ ಹಿಡಿದು ಮೊಣಕಾಲೂರಿ, ಅಂಗೈ ಚಾಚಿ, ಹೀಗೇನಾ ಎಂದು ಅಪ್ಪನನ್ನು ಕಣ್ಣಲ್ಲೇ ಕೇಳುತ್ತಿದ್ದಳು. ನಮ್ಮಲ್ಲಿ ಪ್ರಭುಭೋಜನ ತಿಂಗಳಿಗೊಮ್ಮೆ. ಅದು ಬರುವ ಮೊದಲೇ ಜ್ವರ ಬಂತು. ರಾಣೆಬೆನ್ನೂರಿನ ದವಾಖಾನೆಗೆ ಹೋದ ಅತ್ತೆ ಜೀವಂತ ತಿರುಗಿ ಬರಲಿಲ್ಲ.

ಮುಂದಿನ ಪ್ರಭುಭೋಜನದಂದು ಅಪ್ಪ ಹಿಂದಿನ ಸಾಲಿನಲ್ಲಿ, ಅವಳ ಜಾಗದಲ್ಲಿ ಕೂತ. ಅಯ್ಯನವರು ತಟ್ಟೆ ತಂದಾಗ ತಲೆ ಎತ್ತದೆ, "ಆಕಿ ಉಣ್ಣಲಾರದ್ದು ನನ್ನ ಗಂಟಲಾಗ ಇಳಿಯಂಗಿಲ್ರಿ" ಎಂದ. ಈಗ ಆ ಚರ್ಚಿನಲ್ಲಿ ಕಿವಿ ಕೇಳದವರ ಬಳಿಗೂ, ಗಾಲಿಕುರ್ಚಿಯಲ್ಲಿ ಕೂತವರ ಬಳಿಗೂ ತಟ್ಟೆ ತಾನಾಗಿ ಹೋಗುತ್ತದೆ. ಯಾರೂ ಬಾಯಿಪಾಠ ಕೇಳುವುದಿಲ್ಲ. ನೋಡಿದಾಗ ಸಂತೋಷವೇ ಆಗುತ್ತದೆ, ಆದರೂ ಹಿಂದಿನ ಸಾಲಿನಲ್ಲಿ ಅತ್ತೆಯ ಜಾಗದತ್ತ ತಿರುಗಿ ನೋಡುತ್ತೇನೆ. ಅಪ್ಪ ಬದುಕಿರುವವರೆಗೂ ಆ ರೊಟ್ಟಿ ಮುಟ್ಟಲಿಲ್ಲ.