ಕೆಂಪಾಗದ ಚರ್ಮದ ಪಾಠ

ಡಬ್ಲಿನ್‌ನ ಆಸ್ಪತ್ರೆಯೊಂದರಲ್ಲಿ ನಾನು ಚರ್ಮರೋಗ ವೈದ್ಯೆ. ವಾರಕ್ಕೊಮ್ಮೆ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡುತ್ತೇನೆ. ಹೋದ ವರ್ಷ ಒಂದು ಬೆಳಿಗ್ಗೆ, ಸೋಂಕು ತಗುಲಿದ ಚರ್ಮ ಕೆಂಪಾಗುತ್ತದೆ ಎಂದು ಹೇಳಿ ಸ್ಲೈಡ್ ತೋರಿಸಿದೆ. ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು. ತಂದೆತಾಯಿ ನೈಜೀರಿಯಾದವರು, ಇವಳು ಹುಟ್ಟಿ ಬೆಳೆದದ್ದು ಇಲ್ಲೇ ಐರ್ಲೆಂಡಿನ ಡನ್‌ಡಾಕ್‌ನಲ್ಲಿ.

“ಡಾಕ್ಟರ್, ನನ್ನ ಕೈ ಮೇಲಾದ್ರೆ ಹೇಗೆ ಕಾಣುತ್ತೆ?”

ನನ್ನ ಸ್ಲೈಡುಗಳಲ್ಲಿ ಕಪ್ಪು ಚರ್ಮ ಒಂದೂ ಇರಲಿಲ್ಲ. ನೇರಳೆ ಅಥವಾ ಬೂದು ಛಾಯೆ ಇರಬಹುದು, ಮುಟ್ಟಿ ಬಿಸಿ ಮತ್ತು ಊತ ನೋಡಬೇಕು ಎಂದು ಬಾಯಲ್ಲೇ ಹೇಳಿದೆ. ಮೈಸೂರಿನಲ್ಲಿ ಓದುವಾಗ ನನ್ನ ಪುಸ್ತಕಗಳಲ್ಲೂ ಬಿಳಿ ತೋಳುಗಳೇ ಇದ್ದವು. ವಾರ್ಡಿನ ರೋಗಿಗಳನ್ನು ನೋಡಿ ನೋಡಿ ಉಳಿದದ್ದನ್ನು ಕಲಿತಿದ್ದೆ. ಯಾಕೆ ಹೀಗೆ ಎಂದು ನಾನೊಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಕಾಲೇಜಿನ ಕಪ್ಪು ವಿದ್ಯಾರ್ಥಿಗಳೆಲ್ಲ ಸೇರಿ ಪಠ್ಯ ಬದಲಿಸಿ ಎಂದು ಮನವಿ ಬರೆದರು. ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಸಹಿ ಹಾಕಿಸಿದರು. ಕೊನೆಗೆ ಪಠ್ಯಕ್ರಮ ಸಮಿತಿ ಅವರನ್ನು ಕರೆಯಿತು.

“ನೀವೂ ಬರ್ತೀರಾ?” ಎಂದು ಕೇಳಿದಳು.

ನಾನಿಲ್ಲಿ ವರ್ಕ್ ಪರ್ಮಿಟ್ ಮೇಲಿರುವವಳು; ಹಿರಿಯರನ್ನು ಎದುರುಹಾಕಿಕೊಂಡರೆ ಕೆಲಸಕ್ಕೇ ಕುತ್ತು ಬರಬಹುದಿತ್ತು. ಆದರೆ ಬಾಯಿ ಆಗಲೇ ಹೂಂ ಎಂದುಬಿಟ್ಟಿತ್ತು.

ಸಭೆಯಲ್ಲಿ ಹಿರಿಯರೊಬ್ಬರು, “ಅಂಥ ರೋಗಿಗಳು ಇಲ್ಲಿ ಕಡಿಮೆ ಅಲ್ವಾ?” ಎಂದರು.

“ನನ್ನ ತಮ್ಮನಿಗೆ ಎಕ್ಸಿಮಾ ಇತ್ತು. ಮೂವರು ಡಾಕ್ಟರು ಗುರುತಿಸ್ಲಿಲ್ಲ,” ಎಂದಳು ಹುಡುಗಿ. “ಅವನೂ ಇಲ್ಲಿಯವನೇ.”

ನಾನು ಎದ್ದು ನಿಂತೆ. “ನನಗೂ ಯಾರೂ ಇದನ್ನ ಕಲಿಸ್ಲಿಲ್ಲ. ರೋಗಿಗಳು ಒಪ್ಪಿದ್ರೆ ಹೊಸ ಚಿತ್ರಗಳನ್ನ ನಾನೇ ತೆಗೆದುಕೊಡ್ತೀನಿ.” ಹುಮ್ಮಸ್ಸಿನಲ್ಲಿ ನನ್ನ ಧ್ವನಿ ಏರಿಯೇ ಹೋಗಿತ್ತು.

ಸಮಿತಿ ಒಪ್ಪಿತು! ಕಾರಿಡಾರಿನಲ್ಲಿ ಅವರೆಲ್ಲ ಕುಣಿದಾಡಿದರು. ಹುಡುಗಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಮನೆಗೆ ಹೋಗುವ ಸ್ವೋರ್ಡ್ಸ್ ಬಸ್ಸು ಹತ್ತಿದ್ದೇ ಗಂಡನಿಗೆ ಫೋನ್ ಮಾಡಿದೆ.

“ಒಪ್ಕೊಂಡ್ರು ಕಣ್ರೀ! ಪರೀಕ್ಷೇಲೂ ಕೇಳ್ತಾರಂತೆ!”

“ಗ್ರ್ಯಾಂಡ್! ಸ್ವಲ್ಪ ಮೆತ್ತಗೆ ಮಾತಾಡೇ, ಬಸ್ಸಿಗೆಲ್ಲ ಕೇಳ್ಸತ್ತೆ.”

ಕೇಳಿಸಲಿ ಎಂದೆ. ಮಾತಿನ ಭರದಲ್ಲಿ ನನ್ನ ಸ್ಟಾಪ್ ದಾಟಿಹೋಯಿತು. ಎರಡು ಸ್ಟಾಪ್ ನಗುತ್ತಲೇ ನಡೆದು ಬಂದೆ.

ಬೇಸಿಗೆಯಿಡೀ ಚಿತ್ರ ಜೋಡಿಸಿದೆವು. ಸೆಪ್ಟೆಂಬರಿನ ಮೊದಲ ತರಗತಿಯಲ್ಲಿ ಕಪ್ಪು ಮೊಣಕೈಯೊಂದು ಪರದೆಯ ಮೇಲೆ ಬಂದಾಗ, ನಾನು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ ಕೆಂಚುಕೂದಲಿನವನೊಬ್ಬ “ಸೋರಿಯಾಸಿಸ್!” ಎಂದು ಕೂಗಿದ. ಅವನ ಉತ್ತರ ಸರಿಯಾಗಿತ್ತು.