ವಿಷದ ಹಾಳೆಗಳಲ್ಲಿ ಜಬಾನಿ ಓದುವ ಮಲಿಕಾ

ಬೆಳಗಿನ ಆರೂವರೆ. ಹೊರಗೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿ. ಅಮೆರಿಕದ ಆನ್ ಆರ್ಬರಿನ ಸಸ್ಯ ಸಂಗ್ರಹಾಲಯವೊಂದರ ನೆಲಮಾಳಿಗೆಯಲ್ಲಿ ಮಲಿಕಾ ಎರಡು ಜೊತೆ ಕೈಗವಸು ತೊಟ್ಟು, ಮಾಸ್ಕ್ ಬಿಗಿದು, ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸುತ್ತಾರೆ. ಒಳಗೊಂದು ಹಳೇ ಹಾಳೆ. ಅದಕ್ಕೆ ಅಂಟಿಸಿದ ಒಣ ತೊಗಟೆ, ಕೆಳಗೆ ಮಸಿಯಲ್ಲಿ ಬರೆದ ಎಂಟು ಸಾಲು ಕನ್ನಡ. ಓದಲು ಶುರುಮಾಡುವ ಮೊದಲು ಅವರು ತಮ್ಮ ಬಲಗೈ ಬೆರಳುಗಳನ್ನೇ ನೋಡುತ್ತಾರೆ. ಇವತ್ತು ನಡುಕ ಇದೆಯೇ?

ಇದೆ, ಸ್ವಲ್ಪ.

ಆ ಹಾಳೆಗಳು ಬ್ರಿಟಿಷರ ಕಾಲದ ಮೊಕದ್ದಮೆಗಳ ಸಾಕ್ಷ್ಯ. ಅರಣ್ಯ ಕಾಯ್ದೆ ಬಂದು ಕಾಡೆಲ್ಲ ಸರ್ಕಾರದ ಸ್ವತ್ತಾದ ಮೇಲೆ, ಸೊಪ್ಪು ಸವರಿದವರು, ತೊಗಟೆ ಕಿತ್ತವರು ಕಳ್ಳರಾದರು. ಒಬ್ಬ ಅಧಿಕಾರಿ ಅವರಿಂದ ಕಿತ್ತುಕೊಂಡ ಎಲೆ, ಬೇರುಗಳನ್ನು ಹಾಳೆಗೆ ಅಂಟಿಸಿ, ಕೆಳಗೆ ಅವರ ಜಬಾನಿ, ಅಂದರೆ ಬಾಯಿಹೇಳಿಕೆ, ಬರೆಸಿದ್ದ. ಹುಳ ತಿನ್ನದಿರಲೆಂದು ಮೇಲೆ ಪಾದರಸ ಬೆರೆತ ವಿಷದ ಪುಡಿ ಬಳಿಸಿದ್ದ. ಹೀಗೆ ಸಾವಿರದ ನೂರ ನಲವತ್ತು ಹಾಳೆ ಸಸ್ಯ ಮಾದರಿಗಳೆಂದು ಕೈ ಬದಲಾಗಿ ಇಲ್ಲಿಗೆ ಬಂದಿವೆ. ದಿನಕ್ಕೆ ಹದಿನಾಲ್ಕು ಓದಿ ಕಂಪ್ಯೂಟರಿಗೆ ಹಾಕುವುದು ಮಲಿಕಾ ಕೆಲಸ.

ಮಲಿಕಾ ಹಳಿಯಾಳದವರು. ತಂದೆ ಕಚೇರಿ ಎದುರು ಬಾಂಡ್ ಬರೆಯುತ್ತಿದ್ದರು. ಹಳೇ ಕೈಬರಹ ಓದುವುದು ಅವರಿಂದಲೇ ಬಂದದ್ದು. ಗಂಡ ಶೌಕತ್ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿದ್ದಾರೆ. ಮನೆಯೂ ಅಲ್ಲೇ. ಅಲ್ಲಿಂದ ಇಲ್ಲಿಗೆ ಐವತ್ತೈದು ಮೈಲಿ, ಮಲಿಕಾ ದಿನಾ ಒಬ್ಬರೇ ಡ್ರೈವ್ ಮಾಡುತ್ತಾರೆ.

ಹೋದ ಅಕ್ಟೋಬರಿನಲ್ಲಿ ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ ಶುರುವಾಯಿತು. ಆಗ ಗಾಜಿನ ಪೆಟ್ಟಿಗೆ ಇರಲಿಲ್ಲ, ಪುಡಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಬೂದುಬಣ್ಣದ ಧೂಳು ಉದುರುತ್ತಿತ್ತು. ಬೆರಳು ನಡುಗತೊಡಗಿದಾಗ ಮಲಿಕಾಗೆ ಆ ಧೂಳಿನ ಮೇಲೇ ಸಂಶಯ ಬಂತು. ಆದರೂ ಹನ್ನೊಂದು ದಿನ ಬಾಯಿ ಬಿಡಲಿಲ್ಲ.

‘ಹೇಳಿದ್ರ ಬಾಗಿಲಾ ಹಾಕ್ತಾರ, ಹಾಳಿ ಎಲ್ಲಾ ಸುಡಾಕ ಕಳಸ್ತಾರ ಅಂತ ಹೆದರಿಕಿ ಆಗಿತ್ರಿ’ ಎನ್ನುತ್ತಾರೆ ಅವರು. ‘ಒಂದ ಹಾಳ್ಯಾಗ ನಿಂಗಪ್ಪ ಅನ್ನಾಂವ ಬರಸ್ಯಾನ: ಮಗಳಿಗೆ ಮೂರು ದಿನದಿಂದ ಭೇದಿ, ಕಷಾಯಕ್ಕ ಮತ್ತಿ ತೊಗಟಿ ಕಿತ್ತೆ, ಕಾಡು ನಮ್ಮದಲ್ಲ ಅಂತ ಗೊತ್ತಿರಲಿಲ್ಲ ಅಂತ. ಆರು ದಿನ ಜೈಲಿಗೆ ಹಾಕ್ಯಾರ. ಆ ಕೂಸು ಏನಾತೋ ಬರದಿಲ್ಲ. ಇಂಥಾವ್ರ ಮಾತು ಸುಟ್ಟು ಹೋದ್ರ ಯಾರು ಕೇಳವ್ರು?’

ಹನ್ನೆರಡನೆಯ ಬೆಳಿಗ್ಗೆ ಪಕ್ಕದ ಮೇಜಿನ ಸ್ವರೂಪ ಕಾಫಿ ಬೇಡವೆಂದಳು. ಇಲ್ಲೇ ಹುಟ್ಟಿದ ಹುಡುಗಿ, ಹಾಳೆಗಳ ಫೋಟೋ ತೆಗೆಯುವವಳು. ನಾಚುತ್ತ, ‘ಆಂಟಿ, ಐ ಆಮ್ ಪ್ರೆಗ್ನೆಂಟ್. ಇನ್ನೂ ಯಾರಿಗೂ ಹೇಳಿಲ್ಲ’ ಎಂದಳು.

ಮಲಿಕಾ ಕೈಲಿದ್ದ ಕಪ್ಪು ಕೆಳಗಿಟ್ಟರು. ಹನ್ನೊಂದು ದಿನ ಆ ಹುಡುಗಿಯೂ ಅದೇ ಗಾಳಿ ಉಸಿರಾಡಿದ್ದಳು. ‘ಏಳವ್ವಾ, ಹೊರಗ ನಡಿ’ ಎಂದು ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿ, ನೇರ ಮೇಲ್ವಿಚಾರಕರ ಕೋಣೆಗೆ ನಡೆದು ಎಲ್ಲವನ್ನೂ ಒಪ್ಪಿಕೊಂಡರು.

ಮಧ್ಯಾಹ್ನದೊಳಗೆ ಕೋಣೆಗೆ ಬೀಗ ಬಿತ್ತು. ಇಬ್ಬರ ಮೂತ್ರ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರಲು ಒಂಬತ್ತು ದಿನ. ಅಷ್ಟೂ ದಿನ ಮಲಿಕಾ ಫೋನ್ ರಿಂಗಾದರೆ ಬೆಚ್ಚುತ್ತಿದ್ದರು. ಎತ್ತಲು ಧೈರ್ಯ ಸಾಲದೆ ಶೌಕತ್ ಕೈಗೆ ಕೊಡುತ್ತಿದ್ದರು.

ಸ್ವರೂಪಳ ವರದಿಯಲ್ಲಿ ಏನೂ ಇರಲಿಲ್ಲ. ಮಲಿಕಾ ದೇಹದಲ್ಲಿ ಪಾದರಸ ಸೇರಿತ್ತು. ಕೆಲವು ತಿಂಗಳಲ್ಲಿ ಇಳಿಯುತ್ತದೆ, ನಡುಕದ ಬಗ್ಗೆ ಖಾತ್ರಿ ಹೇಳಲಾಗದು ಎಂದರು ಡಾಕ್ಟರು. ಹಾಳೆಗಳನ್ನು ನಾಶಮಾಡುವ ಮಾತೂ ಬಂತು. ಮಲಿಕಾ ಸಭೆಗೆ ಹೋಗಿ, ತಮ್ಮ ಅರೆಬರೆ ಇಂಗ್ಲಿಷಿನಲ್ಲೇ ನಿಂಗಪ್ಪನ ಜಬಾನಿ ಓದಿ ಹೇಳಿದರು. ನಾಶದ ಮಾತು ಅಲ್ಲಿಗೆ ನಿಂತಿತು. ಗಾಳಿ ಹೀರುವ ಗಾಜಿನ ಪೆಟ್ಟಿಗೆ ಬಂದದ್ದು ಆಮೇಲೆ. ಡಾಕ್ಟರು ಒಪ್ಪುವವರೆಗೆ ಮಲಿಕಾರನ್ನು ಒಳಗೆ ಬಿಡಲಿಲ್ಲ. ಈಗಲೂ ತಿಂಗಳಿಗೊಮ್ಮೆ ಪರೀಕ್ಷೆ.

ಸ್ವರೂಪ ಈಗ ಮೂರನೇ ಮಹಡಿಯಲ್ಲಿ ಕೆಲಸ ಮಾಡುತ್ತಾಳೆ. ‘ಆಂಟಿ ಮೇಲೆ ಕೋಪ ಬಂದಿತ್ತು’ ಎಂದು ಒಪ್ಪುತ್ತಾಳೆ. ‘ಬಟ್, ಕೊನೆಗೆ ಹೇಳಿದ್ದೂ ಅವರೇ.’

ಮಲಿಕಾಗೆ ಅಷ್ಟರಿಂದ ಸಮಾಧಾನವಿಲ್ಲ. ‘ವರದಿ ಚಲೋ ಬಂದೈತಿ, ಖರೆ. ಆದ್ರ ಮೇ ತಿಂಗಳದಾಗ ಕೂಸು ಹುಟ್ಟಿ ಅಳೋ ತನಕಾ ನನಗ ನಿದ್ದಿ ಇಲ್ರಿ.’

ಇನ್ನು ಮುನ್ನೂರ ಹನ್ನೆರಡು ಹಾಳೆ ಉಳಿದಿವೆ. ಹೆದರಿಕೆ ಹೋಗಿದೆಯೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

‘ಇಲ್ರಿ. ಆದ್ರ ಎಂಟನೂರ ಇಪ್ಪತ್ತೆಂಟು ಮಂದಿ ಹೆಸರು ಓದೀನಿ. ಒಬ್ಬರ ಹೆಸರೂ ಬಿಟ್ಟಿಲ್ರಿ.’