ಗಾಜಿನೊಳಗಿನ ಯಜಮಾನರು

ಬರ್ನಡೀನ್‌ಗೆ ಮದುವೆಯಾಗಿರಲಿಲ್ಲ. ಆದರೂ ಅವಳ ಗಂಡ ಎಲ್ಲಿದ್ದಾನೆ ಎಂದು ರಾಜ್ಯದ ಶಾಸನಸಭೆ ಕೂರುವ ಕ್ಯಾಪಿಟಲ್ ಕಟ್ಟಡದಲ್ಲಿ ಹಳಬರನ್ನು ಯಾರನ್ನು ಕೇಳಿದರೂ ಹೇಳಿಬಿಡುತ್ತಿದ್ದರು. ಕೆಳಗಿನ ಮ್ಯೂಸಿಯಮ್ಮಿನಲ್ಲಿ, ಮೂಲೆಯ ದೊಡ್ಡ ಗಾಜಿನ ಹಿಂದೆ, ಮರದ ದಿಮ್ಮಿಗಳ ಗುಡಿಸಲೊಳಗೆ ಕುದುರೆಯ ಪಟ್ಟಿ ಹೊಲಿಯುತ್ತಾ ಕೂತಿದ್ದಾನೆ. ಅವನ ಪಕ್ಕದಲ್ಲಿ ಬೆಣ್ಣೆ ಕಡೆಯುತ್ತಾ ಕೂತವಳು ಬರ್ನಡೀನಳೇ, ಇಪ್ಪತ್ತೆರಡರ ಬರ್ನಡೀನ್. ತೊಟ್ಟಿಲಲ್ಲಿ ಒಂದು ಮಗುವೂ ಇದೆ. ಅದು ಬಟ್ಟೆ ಸುತ್ತಿದ ಸೌದೆ ತುಂಡು.

ಶಾಸಕರು ಮೇಲೆ ಗುಮ್ಮಟದ ಕೆಳಗೆ ಕೂತು ಕೂಗಾಡುತ್ತಿದ್ದರೆ ಬರ್ನಡೀನ್ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಅವರಿಗೆ ಊಟ ಬಡಿಸುತ್ತಿದ್ದಳು. ಯೌವನದಿಂದ ನಿವೃತ್ತಿಯವರೆಗೆ ಅದೊಂದೇ ಕೆಲಸ. ಎಷ್ಟೋ ಗವರ್ನರುಗಳು ಬಂದು ಹೋದರು. ಅವಳ ಲೆಕ್ಕದಲ್ಲಿ ಅವರಲ್ಲಿ ಎರಡೇ ಜಾತಿ, ತಟ್ಟೆ ತಾವೇ ಎತ್ತಿಡುವವರು ಮತ್ತು ಬಿಟ್ಟು ಹೋಗುವವರು. ನಿವೃತ್ತಿಯಾದ ಮೇಲೂ ಅವಳ ಕಾಲಿಗೆ ಆ ಗುಡ್ಡದ ದಾರಿ ಬಿಟ್ಟು ಬೇರೆ ದಾರಿ ತಿಳಿಯಲಿಲ್ಲ. ಗುರುವಾರ ಗುರುವಾರ ಬಸ್ಸಿಳಿದು, ಮಿಸ್ಸೂರಿ ನದಿಯ ಕಡೆಯಿಂದ ಬೀಸುವ ಗಾಳಿಗೆ ಕೋಟು ಬಿಗಿಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬಾಗಿಲಲ್ಲಿ ಕಾವಲುಗಾರ ಲೂಥರ್ ಅವಳ ಬೀಗದಕೈ ಗೊಂಚಲನ್ನು ತಪಾಸಣೆಯ ತಟ್ಟೆಗೆ ಹಾಕಿಸಿಕೊಂಡು ಪ್ರತಿ ಸಲವೂ ಅದೇ ಮಾತಾಡುತ್ತಿದ್ದ.

"ಬಂದ್ರಾ ಮಿಸ್ ಬರ್ನಡೀನ್? ಯಜಮಾನ್ರು ಆಗ್ಲಿಂದ ಕಾಯ್ತಿದಾರೆ."

"ಕಾಯ್ಲಿ ಬಿಡಪ್ಪಾ. ಗಂಡಸ್ರು ಕಾದ್ರೇನೇ ಹದಕ್ಕೆ ಬರೋದು."

"ಇಷ್ಟು ವರ್ಷದಲ್ಲಿ ಒಂದ್ಸಲಾನಾದ್ರೂ ಎದ್ದು ನಿಂತು ಬನ್ನಿ ಅಂದಿದಾರಾ ಆ ಮನುಷ್ಯ?"

"ಕೂತಲ್ಲೇ ಕೂತಿರೋ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಲೂಥರ್. ಬೇಕಾದ್ರೆ ನಿನ್ನ ಹೆಂಡ್ತೀನ ಕೇಳು."

ಲೂಥರ್ ಹೊಟ್ಟೆ ಕುಣಿಸಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ತಮಾಷೆ ಮಾಡಿದವರು ಸಂಜೆ ಮನೆಗೆ ಹೋಗುತ್ತಾರೆ, ಅಲ್ಲಿ ಅವರಿಗೆ ಬಾಗಿಲು ತೆಗೆಯುವವರಿರುತ್ತಾರೆ. ಅವಳ ಮನೆಯ ಬಾಗಿಲನ್ನು ಅವಳೇ ಹಾಕಿ ಅವಳೇ ತೆಗೆಯಬೇಕಿತ್ತು.

ಈ ಸಂಸಾರ ಹೂಡಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದ ವರ್ಷ. ಆಗ ಊರೆಲ್ಲ ಬಾವುಟ, ಎಲ್ಲರಿಗೂ ಇದ್ದಕ್ಕಿದ್ದಂತೆ ಮುತ್ತಾತಂದಿರ ಮೇಲೆ ಪ್ರೀತಿ ಉಕ್ಕಿತ್ತು. ಮೊದಲು ಬಂದು ಕಾಡು ಕಡಿದು ನೆಲೆಸಿದವರ ಗುಡಿಸಲೊಂದನ್ನು ಮ್ಯೂಸಿಯಮ್ಮಿನಲ್ಲಿ ಕಟ್ಟುವುದೆಂದಾಯಿತು. ಬೊಂಬೆ ಮಾಡುವ ಶಿಲ್ಪಿ ಕ್ಯಾಂಟೀನಿಗೆ ಬಂದು ಕೂತು, ತಿನ್ನುವುದು ಬಿಟ್ಟು ಮುಖಗಳನ್ನೇ ನೋಡುತ್ತಿದ್ದ. ಒಂದು ದಿನ ಬರ್ನಡೀನಳ ಕಡೆ ಚಮಚ ತೋರಿಸಿ, "ಏಯ್ ಹುಡುಗೀ, ನಿಂದು ಹೊಲದಲ್ಲಿ ಬೆಳೆದ ಮುಖ. ನಾಳೆ ಬಾ, ಅಚ್ಚು ತೆಗೀಬೇಕು" ಎಂದ. ಹೊಗಳಿದನೋ ತೆಗಳಿದನೋ ಅವಳಿಗೆ ತಿಳಿಯಲಿಲ್ಲ. ಆ ಹೊತ್ತಿಗೆ ಅಲ್ಲೇ ಸೇಬಿನ ಪೈ ತಿನ್ನುತ್ತಿದ್ದ, ರಸ್ತೆಗೆ ಹಳದಿ ಗೆರೆ ಬಳಿಯುವ ಕೆಲಸದ ವೆಂಡೆಲ್ ಎಂಬ ಹುಡುಗನನ್ನೂ ಶಿಲ್ಪಿ ಹಿಡಿದುಕೊಂಡ.

ಅಚ್ಚು ತೆಗೆಯುವುದೆಂದರೆ ಸುಮ್ಮನಲ್ಲ. ಮುಖಕ್ಕೆ ಹುಬ್ಬಿಗೆಲ್ಲ ವ್ಯಾಸಲೀನ್ ಮೆತ್ತಿ, ಮೂಗಿನ ಹೊಳ್ಳೆಗಳಿಗೆ ಉಸಿರಾಡಲು ಎರಡು ಕೊಳವೆ ಸಿಕ್ಕಿಸಿ, ಕಣ್ಣು ಬಾಯಿ ಎಲ್ಲ ಮುಚ್ಚುವಂತೆ ಪ್ಲಾಸ್ಟರಿನ ಗಾರೆ ಸುರಿಯುತ್ತಾರೆ. ಅದು ಗಟ್ಟಿಯಾಗುವವರೆಗೆ ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಆದ್ದರಿಂದ ಮಲಗಿದವರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡಿರಬೇಕು.

"ನೋಡಮ್ಮಾ," ಎಂದಿದ್ದ ಶಿಲ್ಪಿ. "ಅವನ ಕೈನ ಒಂದ್ಸಲ ಒತ್ತಿದ್ರೆ ಚೆನ್ನಾಗಿದೀನಿ ಅಂತ. ಎರಡ್ಸಲ ಒತ್ತಿದ್ರೆ ಆಗ್ತಿಲ್ಲ, ಉಸಿರು ಕಟ್ತಿದೆ, ತೆಗೀರಿ ಅಂತ. ತಿಳೀತಾ?"

ಕತ್ತಲಲ್ಲಿ ಮಲಗಿದ ಅವಳ ಕೈಯನ್ನು ವೆಂಡೆಲ್ ಹಿಡಿದುಕೊಂಡ. ಒರಟು ಕೈ, ಬಣ್ಣದ ವಾಸನೆ. ಸ್ವಲ್ಪ ಹೊತ್ತಿಗೊಮ್ಮೆ ಅವನು ಒತ್ತಿ ಕೇಳುತ್ತಿದ್ದ, ಅವಳು ಒತ್ತಿ ಹೇಳುತ್ತಿದ್ದಳು. ಚೆನ್ನಾಗಿದೀಯಾ? ಚೆನ್ನಾಗಿದೀನಿ. ಹುಟ್ಟಿದಾಗಿನಿಂದ ಅವಳನ್ನು ಯಾರೂ ಅಷ್ಟು ಸಲ ವಿಚಾರಿಸಿಕೊಂಡಿರಲಿಲ್ಲ. ಆದರೆ ಗಾರೆ ಗಟ್ಟಿಯಾಗುತ್ತಾ ಕಾವೇರಿತು. ಕೆನ್ನೆ ಸುಡತೊಡಗಿತು, ಜೀವ ಬಾಯಿಗೆ ಬಂತು, ಬಾಯಿಯೋ ಮುಚ್ಚಿತ್ತು. ಅವಳು ಎರಡು ಸಲ ಒತ್ತಿದಳು.

"ತೆಗೀರಿ! ಅವಳಿಗಾಗ್ತಿಲ್ಲ, ತೆಗೀರಿ!" ಎಂದು ವೆಂಡೆಲ್ ಕೂಗಿದ್ದು ಗಾರೆಯೊಳಗೂ ಕೇಳಿಸಿತು. ಶಿಲ್ಪಿ ಇನ್ನೊಂದು ಗಳಿಗೆ ಎಂದು ಗೊಣಗಿದ. ವೆಂಡೆಲ್ ತಾನೇ ಕಿತ್ತೆಸೆದ. ಎಡಗೆನ್ನೆಯ ಅಚ್ಚು ಕೆಟ್ಟು ಹೋಯಿತು.

ಆಮೇಲೆ ಅವನ ಸರದಿ. ಅವಳು ಅವನ ಕೈ ಹಿಡಿದು ಕೂತಳು. ಅವನು ಕೊನೆಯವರೆಗೂ ಒಂದೊಂದೇ ಸಲ ಒತ್ತಿದ. ಮುಗಿದ ಮೇಲೆ ಮುಖ ತೊಳೆದುಕೊಂಡು, "ನಿನ್ನ ಕೈ ಬಲು ತಣ್ಣಗಿದೆ ಕಣೇ" ಎಂದ. ಅವಳಿಗೆ ಉತ್ತರ ಹೊಳೆಯುವಷ್ಟರಲ್ಲಿ ಅವನಿಗೆ ದಕ್ಷಿಣದ ಜಿಲ್ಲೆಗೆ ವರ್ಗವಾಗಿತ್ತು. ಅಲ್ಲೇ ಮದುವೆಯಾದನೆಂದು ಯಾರೋ ಕಾಫಿ ಕುಡಿಯುತ್ತಾ ಹೇಳಿದರು. ಅಷ್ಟೇ ಕತೆ. ಕೈಹಿಡಿದವನು ಎಂದು ಅವಳ ಪಾಲಿಗೆ ಹೇಳಿಕೊಳ್ಳಲು ಅವನೊಬ್ಬನೇ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ.

ಕೆಟ್ಟ ಎಡಗೆನ್ನೆ ಜನರಿಗೆ ಕಾಣದಿರಲೆಂದು ಶಿಲ್ಪಿ ಬೊಂಬೆಯ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ಕೂರಿಸಿದ. ಎಡಕ್ಕೆ ಕೂತಿದ್ದವನು ವೆಂಡೆಲ್. ಹೀಗಾಗಿ ಗಾಜಿನೊಳಗಿನ ಬರ್ನಡೀನ್ ಕೈಯಲ್ಲಿ ಕಡೆಗೋಲು ಹಿಡಿದು ಸದಾ ಗಂಡನ ಮುಖವನ್ನೇ ನೋಡುತ್ತಿದ್ದಳು. ವಸಂತದಲ್ಲಿ ಹಳದಿ ಬಸ್ಸಿನಲ್ಲಿ ಬಂದ ಶಾಲೆ ಮಕ್ಕಳಿಗೆ ಟೀಚರುಗಳು, "ನೋಡಿ ಮಕ್ಕಳೇ, ಆಗಿನವರ ಪ್ರೀತಿ ಹೇಗಿತ್ತು ಅಂತ" ಎನ್ನುತ್ತಿದ್ದರು. ಮೊದಮೊದಲು ಮಕ್ಕಳು ಬೊಂಬೆ ನೋಡಿ, ಗಾಜಿನ ಹೊರಗೆ ನಿಂತ ಅವಳನ್ನು ನೋಡಿ, "ಇವರೇ ಅವರು!" ಎಂದು ಕಿರುಚುತ್ತಿದ್ದವು. ವರ್ಷ ಕಳೆದಂತೆ ಅದು ನಿಂತಿತು. ಈಗ ಗಾಜಿನ ಮುಂದೆ ನಿಂತ ಮುದುಕಿಯನ್ನು ಮಕ್ಕಳು, ಸ್ವಲ್ಪ ಸರೀತೀರಾ ಎನ್ನುತ್ತವೆ.

ಯಾರೂ ಇಲ್ಲದಾಗ ಅವಳು ಗಾಜಿನೊಳಗಿನವನಿಗೆ ಮೆಲ್ಲಗೆ ವಾರದ ಸುದ್ದಿ ಹೇಳುತ್ತಿದ್ದಳು. ಮಂಡಿ ನೋವು, ಮೂಲೆಯ ಬೇಕರಿ ಮುಚ್ಚಿದ್ದು, ಪಕ್ಕದ ಮನೆಯವರು ಮಾತು ಬಿಟ್ಟದ್ದು. ಹೆಜ್ಜೆ ಸಪ್ಪಳವಾದರೆ ಕೆಮ್ಮಿ ಸುಮ್ಮನಾಗುತ್ತಿದ್ದಳು. ಇದು ಹುಚ್ಚೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹುಚ್ಚು ಬಿಡುತ್ತದೆಯೇ?

ಒಂದು ಚಳಿಗಾಲದ ಕೊನೆಗೆ ಲೂಥರ್ ತಮಾಷೆ ಮಾಡಲಿಲ್ಲ. ತಟ್ಟೆಯನ್ನು ಅವಳ ಕಡೆ ತಳ್ಳಿ, "ಮಿಸ್ ಬರ್ನಡೀನ್, ಗುಡಿಸಲು ಕಿತ್ತುಹಾಕ್ತಾರಂತೆ. ಟೀವಿ ಥರದ್ದು ಏನೋ ಹಾಕ್ತಾರಂತೆ" ಎಂದ.

ಅವಳು ನೇರ ಮ್ಯೂಸಿಯಮ್ಮಿನ ಅಧಿಕಾರಿ ಪ್ರೆಸ್ಟನ್ ಹತ್ತಿರ ಹೋದಳು. ಅವನು ಒಳ್ಳೆಯ ಹುಡುಗ, ಎದ್ದು ಕುರ್ಚಿ ಕೊಟ್ಟ. ಬೊಂಬೆಗಳನ್ನು ಕಸಕ್ಕೆ ಹಾಕುವುದಿಲ್ಲ, ಭುಜದವರೆಗೆ ಕಳಚಿ, ಮುಖ ಯಾರದೋ ಅವರಿಗೇ ಕೊಡುವುದೆಂದು ತೀರ್ಮಾನವಾಗಿದೆ ಎಂದ.

"ನಿಮ್ಮದನ್ನ ನೀವು ತಗೊಂಡು ಹೋಗಿ, ಮೇಡಂ."

"ನಂದು ಯಾರಿಗೆ ಬೇಕಪ್ಪಾ? ದಿನಾ ಕನ್ನಡೀಲಿ ನೋಡಿ ಸಾಕಾಗಿದೆ. ಅವನದ್ದು ಕೊಡ್ತೀಯಾ?"

ಪ್ರೆಸ್ಟನ್ ತಲೆ ಕೆರೆದುಕೊಂಡ. "ಅವರು ತೀರಿಕೊಂಡ್ರಂತೆ, ಈ ಚಳಿಗಾಲದಲ್ಲೇ. ಮಗಳು ಶುಕ್ರವಾರ ಬರ್ತಾರೆ. ಅವರು ಬೇಡ ಅಂದ್ರೆ ಖಂಡಿತ ನಿಮಗೇ."

ಬರ್ನಡೀನ್ ಎದ್ದು ಬಂದು ಗಾಜಿನ ಮುಂದೆ ನಿಂತಳು. ಅವನು ಇನ್ನೂ ಅದೇ ಪಟ್ಟಿ ಹೊಲಿಯುತ್ತಿದ್ದ. ಸತ್ತಿದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ, ಅವಳು ಅವನಿಗೇನಾಗಬೇಕು? ಅವಳಿಗೆ ಅಳು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಆದರೂ ಆ ರಾತ್ರಿ ಮನೆಯಲ್ಲಿ ಕಿಟಕಿ ಪಕ್ಕದ ಮೇಜನ್ನು ಒರೆಸಿ, ಹೂದಾನಿ ಎತ್ತಿಟ್ಟು, ಜಾಗ ಮಾಡಿಟ್ಟಳು. ಮಗಳು ಬೇಡ ಅನ್ನಲಿ ಎಂದು ದೇವರನ್ನು ಬೇಡಿಕೊಂಡಳು.

ಶುಕ್ರವಾರ ಮಗಳು ಬಂದಳು. ಕ್ರಿಸ್ಟಾ ಎಂದು ಹೆಸರು, ನಲವತ್ತು ದಾಟಿದವಳು, ನಿದ್ದೆಗೆಟ್ಟ ಕಣ್ಣು. ಗುಡಿಸಲಿನ ಗಾಜು ಆಗಲೇ ತೆಗೆದಾಗಿತ್ತು. ಎರಡು ತಲೆಗಳೂ ಮೇಜಿನ ಮೇಲಿದ್ದವು. ಕ್ರಿಸ್ಟಾ ಬಾಗಿ ಅಪ್ಪನ ಮುಖವನ್ನು ಹತ್ತಿರದಿಂದ ನೋಡಿದಳು.

"ನಾನು ಹುಟ್ಟೋಕೆ ಮುಂಚಿನ ಮುಖ," ಎಂದಳು ಪ್ರೆಸ್ಟನ್‌ಗೆ. "ನಾನು ಗಡ್ಡ ಇಲ್ಲದ ಅಪ್ಪನ್ನ ನೋಡೇ ಇಲ್ಲ. ಇವನು ಯಾರೋ ಹುಡುಗ. ಇದನ್ನ ಮನೇಲಿ ಎಲ್ಲಿಡೋದು? ಮಕ್ಕಳು ಹೆದರ್ಕೋತಾರೆ. ನೀವೇ ಇಟ್ಕೊಂಡ್ಬಿಡಿ ಅನ್ಸುತ್ತೆ."

ಬೆಳಗಿನಿಂದ ಬಂದು ಪಕ್ಕದಲ್ಲೇ ಕಾದಿದ್ದ ಬರ್ನಡೀನ್ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಸುಮ್ಮನಿದ್ದಿದ್ದರೆ ಮುಗಿದಿತ್ತು. ಪ್ರೆಸ್ಟನ್ ಬಾಯಿ ಸುಮ್ಮನಿರಲಿಲ್ಲ. "ಇವರೇ ಆ ಇನ್ನೊಂದು ಬೊಂಬೆ," ಎಂದು ಅವಳನ್ನು ತೋರಿಸಿದ.

"ಹೌದಾ? ನಮ್ಮಪ್ಪ ನಿಮಗೆ ಗೊತ್ತಿದ್ರಾ?"

"ಒಂದು ಮಧ್ಯಾಹ್ನ ಅಷ್ಟೇ ಮಗಾ. ಮುಖಕ್ಕೆ ಗಾರೆ ಹಾಕಿದಾಗ ಮಾತಾಡೋ ಹಾಗಿಲ್ವಲ್ಲ, ಒಬ್ರ ಕೈ ಒಬ್ರು ಹಿಡ್ಕೊಂಡು ಕೂತಿರ್ಬೇಕಿತ್ತು. ಒತ್ತೋದೇ ಮಾತು. ಒಂದ್ಸಲ ಒತ್ತಿದ್ರೆ ಚೆನ್ನಾಗಿದೀನಿ ಅಂತ..."

ಕ್ರಿಸ್ಟಾ ಅವಳ ತೋಳು ಹಿಡಿದುಕೊಂಡಳು.

"ಅಯ್ಯೋ, ಅಪ್ಪ ಆಸ್ಪತ್ರೇಲಿ ಹಾಗೇ ಮಾಡ್ತಿದ್ರು! ಮೂಗಿಗೆ ಬಾಯಿಗೆ ಎಲ್ಲಾ ಕೊಳವೆ ಹಾಕಿದ್ರು, ಮಾತಿಲ್ಲ, ಕಣ್ಣು ಬಿಡ್ತಿರ್ಲಿಲ್ಲ. ನನ್ನ ಕೈನ ಎರಡೆರಡು ಸಲ ಒತ್ತೋರು. ಎಷ್ಟೊತ್ತಿಗೂ ಎರಡು, ಎರಡು. ನನ್ನ ಹೆಸರು ಕರೀತಿದಾರೆ ಅಂದ್ಕೊಂಡೆ ನಾನು, ಕ್ರಿಸ್... ಟಾ ಅಂತ. ಡಾಕ್ಟರು ಕೊಳವೆ ತೆಗೆದ್ಬಿಡೋಣ್ವಾ ಅಂದ್ರು. ನನ್ನ ಗುರುತು ಹಿಡೀತಿದಾರೆ, ಹ್ಯಾಗೆ ತೆಗೀತೀರಿ ಅಂತ ಜಗಳ ಆಡಿ ಇಡಿಸ್ಕೊಂಡೆ, ಕೊನೇವರೆಗೂ." ಅವಳು ಮೂಗು ಒರೆಸಿಕೊಂಡಳು. "ಹೇಳೀಮ್ಮಾ, ಎರಡ್ಸಲ ಒತ್ತಿದ್ರೆ ಏನಂತ ಅರ್ಥ?"

ಶಿಲ್ಪಿ ಎಂದೋ ಸತ್ತಿದ್ದ. ಆ ಮಾತಿನ ಅರ್ಥ ಗೊತ್ತಿದ್ದವಳು ಭೂಮಿಯ ಮೇಲೆ ಇನ್ನು ಅವಳೊಬ್ಬಳೇ. ಬರ್ನಡೀನ್ ವೆಂಡೆಲ್‌ನ ಮುಖ ನೋಡಿದಳು. ಅವಳಿಗೆ ಉಸಿರು ಕಟ್ಟಿದಾಗ ಒಂದು ಗಳಿಗೆಯೂ ತಡಮಾಡದೆ ಕಿತ್ತೆಸೆದವನು ಅವನು. ಅವನು ಒತ್ತಿದಾಗ ಕೂಗುವವರು ಯಾರೂ ಇರಲಿಲ್ಲ. ತಾನಿದ್ದಿದ್ದರೆ ಎಂದುಕೊಂಡಳು. ಎದುರಿಗೆ ಅವನ ಮಗಳು ಬಾಯಿ ತೆರೆದು ಕಾಯುತ್ತಿದ್ದಳು. ಕಣ್ಣು ಥೇಟು ಅವನದೇ.

"ಎರಡ್ಸಲ ಅಂದ್ರೆ," ಎಂದಳು, "ಇಲ್ಲೇ ಇರು, ಕೈ ಬಿಡ್ಬೇಡ ಅಂತ."

"ನಾನು ಬಿಡ್ಲಿಲ್ಲ," ಎಂದಳು ಕ್ರಿಸ್ಟಾ. "ಒಂದು ಗಳಿಗೇನೂ ಬಿಡ್ಲಿಲ್ಲ."

"ಗೊತ್ತು ಮಗಾ. ಅವನಿಗೂ ಗೊತ್ತಿತ್ತು."

ಕ್ರಿಸ್ಟಾ ಅಳುವುದನ್ನು ಮುಗಿಸಿ, ಅಪ್ಪನ ತಲೆಯ ಮೇಲಿದ್ದ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದಳು. ಈಗ ಅವನು ಯಾರೋ ಹುಡುಗನಾಗಿರಲಿಲ್ಲ. ಕಾರಿನಿಂದ ಕಂಬಳಿ ತರಿಸಿ, ಮಗುವನ್ನು ಸುತ್ತಿದಂತೆ ಸುತ್ತಿ ಎತ್ತಿಕೊಂಡಳು. ಹೊರಡುವಾಗ ಬರ್ನಡೀನಳನ್ನು ಒಂದೇ ತೋಳಿನಲ್ಲಿ ಅಪ್ಪಿಕೊಂಡಳು. ನಡುವೆ ಕಂಬಳಿಯೊಳಗಿನ ಗಟ್ಟಿ ಮುಖ ಬರ್ನಡೀನಳ ಎದೆಗೆ ಒತ್ತಿತು. ಆಮೇಲೆ ಹೋದಳು.

ಉಳಿದ ತಲೆಯನ್ನು ಪ್ರೆಸ್ಟನ್ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಬರ್ನಡೀನಳ ಕೈಗಿಟ್ಟ. ಬಾಗಿಲಲ್ಲಿ ಲೂಥರ್ ಪೆಟ್ಟಿಗೆ ನೋಡಿ, ಅವಳ ಮುಖ ನೋಡಿ, ಹಳೆಯ ಮಾತನ್ನೇ ಹುಡುಕಿದ.

"ಯಜಮಾನ್ರು ಎಲ್ಲಿ, ಮಿಸ್ ಬರ್ನಡೀನ್?"

"ಮಗಳ ಮನೆಗೆ ಹೋದ್ರು ಕಣಪ್ಪಾ."

ಲೂಥರ್ ನಗಲಿಲ್ಲ. ಅವಳಿಗೆ ಬಾಗಿಲು ತೆರೆದು ಹಿಡಿದು ನಿಂತುಕೊಂಡ.

ಮನೆಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿ ಕಾದಿತ್ತು. ಬೊಂಬೆಯ ತಲೆಯನ್ನು ಪೆಟ್ಟಿಗೆಯಿಂದ ತೆಗೆದು ಅಲ್ಲೇ ಇಟ್ಟಳು. ಇಪ್ಪತ್ತೆರಡರ ಹುಡುಗಿ ಕತ್ತು ಎಡಕ್ಕೆ ತಿರುಗಿಸಿ ಯಾರೂ ಇಲ್ಲದ ಕಡೆ ಪ್ರೀತಿಯಿಂದ ನೋಡುತ್ತಿದ್ದಳು. ಗೋಡೆಗೆ ತಿರುಗಿಸಿ ನೋಡಿದಳು, ಕಿಟಕಿಗೆ ತಿರುಗಿಸಿ ನೋಡಿದಳು, ಹೇಗಿಟ್ಟರೂ ಅಷ್ಟೇ. ಕೊನೆಗೆ ಬರ್ನಡೀನ್ ಕುರ್ಚಿ ಎಳೆದು, ಅದು ನೋಡುತ್ತಿದ್ದ ಕಡೆಗೆ ಹಾಕಿಕೊಂಡು, ಅಲ್ಲಿ ತಾನೇ ಕೂತಳು.